ಎಸ್ಟೋನಿಯಾ ಸಂಸತ್ತಿನ 101 ಸೀಟು: 2023ರ ರಾತ್ರಿಯ ಲೆಕ್ಕ ಈಗ ಎಲ್ಲಿಗೆ ಬಂತು?

ತಾಲಿನ್‌ವಾಸಿ

ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಎಸ್ಟೋನಿಯಾದ ರಾಜಧಾನಿ ತಾಲಿನ್‌ನಲ್ಲಿದ್ದೇನೆ, ಸಾಫ್ಟ್‌ವೇರ್ ಕೆಲಸ. ಮೊನ್ನೆ ಊರಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಮಳೆ, ಅಡಿಕೆ ರೇಟು, ಯಾರದೋ ಮದುವೆ ಎಲ್ಲ ಮುಗಿದ ಮೇಲೆ "ಅಲ್ಲ ಕಣೋ, ನಿಮ್ಮಲ್ಲಿ ಯಾರ ಸರ್ಕಾರ?" ಅಂದರು. ಎರಡು ಪಕ್ಷ ಸೇರಿ ನಡೆಸುತ್ತಿವೆ ಅಂದೆ. "ಎಷ್ಟು ಸೀಟು?" ಅಂದರು. ಹೇಳಲು ಹೊರಟವನು ಅರ್ಧದಲ್ಲೇ ಸಿಕ್ಕಿಹಾಕಿಕೊಂಡೆ.

ಗೊತ್ತಿರುವುದನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಚುನಾವಣೆ ನಡೆದದ್ದು 2023ರ ಮಾರ್ಚ್ 5ಕ್ಕೆ. ಇಲ್ಲಿನ ಸಂಸತ್ತಿನ ಹೆಸರು ರೀಗಿಕೊಗು. ಒಂದೇ ಸದನ, 101 ಸೀಟು. ಮೇಲ್ಮನೆ ಇಲ್ಲ. ಫಲಿತಾಂಶ ಬಂದಾಗ ರಿಫಾರ್ಮ್ ಪಕ್ಷಕ್ಕೆ 37, ಕಟ್ಟಾ ಬಲಪಂಥದ ಎಕ್ರೆಗೆ 17, ಸೆಂಟರ್ ಪಕ್ಷಕ್ಕೆ 16, ಮೊದಲ ಸಲ ಒಳಗೆ ಬಂದ ಎಸ್ಟೋನಿಯಾ 200 ಪಕ್ಷಕ್ಕೆ 14, ಸೋಷಿಯಲ್ ಡೆಮಾಕ್ರಾಟರಿಗೆ 9, ಇಸಮಾ ಪಕ್ಷಕ್ಕೆ 8.

ರಿಫಾರ್ಮ್ ಪಕ್ಷದ ನಾಯಕಿ ಕಾಯಾ ಕಲ್ಲಸ್ ಏಪ್ರಿಲ್‌ನಲ್ಲಿ ಸರ್ಕಾರ ಮಾಡಿದರು. ರಿಫಾರ್ಮ್, ಎಸ್ಟೋನಿಯಾ 200, ಸೋಷಿಯಲ್ ಡೆಮಾಕ್ರಾಟರು ಸೇರಿ 60. ಆರಾಮಾದ ಬಹುಮತ. 2024ರ ಜುಲೈನಲ್ಲಿ ಅವರು ಯುರೋಪಿಯನ್ ಒಕ್ಕೂಟದ ಕೆಲಸಕ್ಕೆ ಹೊರಟರು, ಕ್ರಿಸ್ಟೆನ್ ಮಿಖಲ್ ಪ್ರಧಾನಿಯಾದರು. 2025ರ ಮಾರ್ಚ್‌ನಲ್ಲಿ ಮಿಖಲ್ ಸೋಷಿಯಲ್ ಡೆಮಾಕ್ರಾಟರನ್ನು ಹೊರಗೆ ಕಳಿಸಿದರು. ಉಳಿದದ್ದು 37 ಮತ್ತು 14. ಅಂದರೆ 51. ಬಹುಮತಕ್ಕೆ ಬೇಕಾದದ್ದೂ ಸರಿಯಾಗಿ 51.

ಇಷ್ಟು ತೆಳ್ಳಗಿನ ದಾರದ ಮೇಲೆ ಸರ್ಕಾರ ಹೇಗೆ ನಿಂತಿದೆ? ಆ 37 ಈಗಲೂ 37 ಆಗಿಯೇ ಇದೆಯಾ?

ಸುಮ್ನೆ_ಓದುವವ

ನನಗೆ ಅದಕ್ಕಿಂತ ಮೊದಲಿನ ಪ್ರಶ್ನೆಯೇ ಬಗೆಹರಿದಿಲ್ಲ. ರಿಫಾರ್ಮ್‌ಗೆ ಬಂದ ಮತ ಶೇಕಡಾ 31 ಚಿಲ್ಲರೆ. ಸೀಟು ನೋಡಿದರೆ ಶೇಕಡಾ 36ಕ್ಕೂ ಜಾಸ್ತಿ. ಅಲ್ಲಿ ನಮ್ಮ ಹಾಗೆ ಹೆಚ್ಚು ಮತ ಬಂದವನು ಗೆದ್ದ ಅನ್ನುವ ಪದ್ಧತಿ ಅಲ್ಲ, ಮತಕ್ಕೆ ತಕ್ಕಷ್ಟು ಸೀಟು ಅಂತ ಓದಿದ್ದೆ. ತಕ್ಕಷ್ಟು ಅಂದರೆ ಇದೇನಾ?

ಲೆಕ್ಕದ_ಮೇಷ್ಟ್ರು

ಒಳ್ಳೇ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತದೆ, ಟೀ ಇಟ್ಟುಕೊಂಡು ಓದಿ.

ದೇಶದಲ್ಲಿ 12 ಕ್ಷೇತ್ರ. ಒಂದೊಂದರಿಂದ ಹಲವು ಜನ ಆರಿಸಿ ಬರುತ್ತಾರೆ. ಮತದಾರ ಪಕ್ಷಕ್ಕಲ್ಲ, ಪಟ್ಟಿಯಲ್ಲಿರುವ ಒಬ್ಬ ವ್ಯಕ್ತಿಗೆ ಮತ ಹಾಕುತ್ತಾನೆ. ಎಣಿಕೆ ಮೂರು ಸುತ್ತು.

ಮೊದಲ ಸುತ್ತಿಗೆ ಕೋಟಾ ಬೇಕು. ಕ್ಷೇತ್ರದ ಮತವನ್ನು ಅಲ್ಲಿನ ಸೀಟಿನಿಂದ ಭಾಗಿಸಿದರೆ ಸಿಗುವುದೇ ಕೋಟಾ. ಸುಮ್ನೆ ಉದಾಹರಣೆಗೆ, 50,000 ಮತ, 10 ಸೀಟು ಅಂದರೆ ಕೋಟಾ 5,000. ಒಬ್ಬನೇ ಅಷ್ಟು ಮತ ತಂದರೆ ನೇರ ಗೆದ್ದ. ಎರಡನೇ ಸುತ್ತಿನಲ್ಲಿ ಆ ಕ್ಷೇತ್ರದಲ್ಲಿ ಪಕ್ಷಕ್ಕೆ ಬಿದ್ದ ಎಲ್ಲ ಮತ ಕೂಡಿಸಿ, ಅದರಲ್ಲಿ ಎಷ್ಟು ಕೋಟಾ ಇದೆ ನೋಡುತ್ತಾರೆ. ಕೊನೆಯಲ್ಲಿ ಉಳಿದದ್ದು ಕೋಟಾದ ಮುಕ್ಕಾಲು ಪಾಲು ಇದ್ದರೆ ಅದಕ್ಕೂ ಒಂದು ಸೀಟು. ದೇಶದ ಮಟ್ಟದಲ್ಲಿ ಶೇಕಡಾ 5 ಮತ ಬಾರದ ಪಕ್ಷಕ್ಕೆ ಈ ಸುತ್ತಿಗೆ ಪ್ರವೇಶವೇ ಇಲ್ಲ.

ಮೂರನೇ ಸುತ್ತೇ ಮಜಾ. ಮಿಕ್ಕ ಸೀಟುಗಳನ್ನು ಇಡೀ ದೇಶದ ಮತ ನೋಡಿ ಹಂಚುತ್ತಾರೆ. ಬೇರೆ ಎಷ್ಟೋ ದೇಶಗಳಲ್ಲಿ ಪಕ್ಷದ ಮತವನ್ನು 1, 2, 3, 4 ಅಂತ ಭಾಗಿಸುತ್ತಾ ಹೋಗಿ, ಬಂದ ಸಂಖ್ಯೆಗಳಲ್ಲಿ ದೊಡ್ಡವನ್ನು ಆರಿಸುತ್ತಾರೆ. ಎಸ್ಟೋನಿಯಾದವರು ಆ ಭಾಜಕಕ್ಕೆ 0.9 ಘಾತ ಹಾಕಿದ್ದಾರೆ. ಅಂದರೆ 2ರ ಬದಲು 1.87, 3ರ ಬದಲು 2.69, 10ರ ಬದಲು 7.94. ಭಾಜಕ ಮುಂದೆ ಹೋದಷ್ಟೂ ರಿಯಾಯಿತಿ ಹೆಚ್ಚುತ್ತದೆ. ಪಟ್ಟಿಯಲ್ಲಿ ಅಷ್ಟು ದೂರ ಹೋಗುವವರು ಯಾರು? ದೊಡ್ಡ ಪಕ್ಷದವರು.

ಬೇಕಾದರೆ ಮಾಡಿ ನೋಡಿ. ರಿಫಾರ್ಮ್‌ಗೆ 1,90,632 ಮತ. ಅವರ 37ನೇ ಸೀಟಿಗೆ ಭಾಜಕ 25.79, ಉತ್ತರ ಸುಮಾರು 7,393. ಸೋಷಿಯಲ್ ಡೆಮಾಕ್ರಾಟರಿಗೆ 56,584 ಮತ. ಅವರ 10ನೇ ಸೀಟಿಗೆ ಭಾಜಕ 7.94, ಉತ್ತರ ಸುಮಾರು 7,124. ಹಾಗಾಗಿ 101ನೇ ಸೀಟು ರಿಫಾರ್ಮ್‌ಗೆ ಹೋಯಿತು. ಘಾತ ಹಾಕದೆ ಮಾಮೂಲಿ 37 ಮತ್ತು 10ರಿಂದ ಭಾಗಿಸಿ: 5,152 ಮತ್ತು 5,658. ಉಲ್ಟಾ ಆಯಿತು.

ಸುಮ್ನೆ_ಓದುವವ

ಮೇಷ್ಟ್ರೇ, ಪೂರ್ತಿ ಲೆಕ್ಕ ಮಾಮೂಲಿ ಭಾಜಕದಲ್ಲೇ ಮಾಡಿದರೆ ಏನು ಬರುತ್ತದೆ?

ಲೆಕ್ಕದ_ಮೇಷ್ಟ್ರು

ಮಾಡಿದ್ದೇನೆ. ರಿಫಾರ್ಮ್ 34, ಎಕ್ರೆ 17, ಸೆಂಟರ್ 17, ಎಸ್ಟೋನಿಯಾ 200ಕ್ಕೆ 14, ಸೋಷಿಯಲ್ ಡೆಮಾಕ್ರಾಟರು 10, ಇಸಮಾ 9. ಮೂರು ಪಕ್ಷದಿಂದ ಒಂದೊಂದು ಕಿತ್ತು ಒಬ್ಬರಿಗೇ ಮೂರು ಕೊಟ್ಟಂತಾಯಿತು.

ಈಗ ತಾಲಿನ್‌ವಾಸಿಯವರ ಪ್ರಶ್ನೆಗೆ ಬನ್ನಿ. 2023ರ ಮೂರು ಪಕ್ಷದ ಸರ್ಕಾರ ಆಗಲೂ ನಿಲ್ಲುತ್ತಿತ್ತು, 34, 14, 10 ಸೇರಿ 58. 2025ರ ಎರಡು ಪಕ್ಷದ ಸರ್ಕಾರ? 48. ಹುಟ್ಟುತ್ತಲೇ ಇರಲಿಲ್ಲ. ಒಂದು ದಶಾಂಶದ ಮೇಲೆ ಒಂದು ಸರ್ಕಾರ ಕೂತಿದೆ ನೋಡಿ.

ಹಾಸನದ_ಹುಡುಗಿ

ಮೇಷ್ಟ್ರೇ, ಲೆಕ್ಕ ಚೆನ್ನಾಗಿದೆ, ಆದರೆ ಇದು ಮೋಸ ಅನ್ನುವ ಹಾಗೆ ಓದಿಸಿಕೊಳ್ಳುತ್ತಿದೆ. ಆ 0.9 ಚುನಾವಣೆ ಆದ ಮೇಲೆ ಯಾರೋ ತುರುಕಿದ್ದಲ್ಲ. ಕಾನೂನಿನಲ್ಲೇ ಇದೆ, ಎಲ್ಲ ಪಕ್ಷಕ್ಕೂ ಗೊತ್ತಿದೆ. ಯಾರು ಮೊದಲು ಬಂದರೂ ಅವರಿಗೇ ಲಾಭ. 101 ಜನರ ಮನೆಯಲ್ಲಿ ಆರು ಪಕ್ಷ ಇದ್ದಾಗ ಯಾರಿಗಾದರೂ ಸ್ವಲ್ಪ ದಪ್ಪ ಪಾಲು ಸಿಗದಿದ್ದರೆ ಸರ್ಕಾರ ಮಾಡುವುದು ಹೇಗೆ?

ಲೆಕ್ಕದ_ಮೇಷ್ಟ್ರು

ಒಪ್ಪಿದೆ. ಮೋಸ ಅಂದಿಲ್ಲಮ್ಮ. ಮತಕ್ಕೆ ತಕ್ಕಷ್ಟು ಸೀಟು ಅನ್ನುವುದರಲ್ಲಿ "ತಕ್ಕಷ್ಟು" ಎಷ್ಟು ಅಂತ ಯಾರೋ ಕೂತು ತೀರ್ಮಾನಿಸಿರುತ್ತಾರೆ ಅಂದೆ ಅಷ್ಟೆ.

ಬಾಲ್ಟಿಕ್_ಭಟ್ಟ

ಮೊದಲು ಬಂದವರಿಗೇ ಲಾಭ ಅನ್ನುವುದಕ್ಕೆ ಒಂದು ತಿದ್ದುಪಡಿ. ಸೀಟಿನ ಲಾಭ ಸರಿ. ಕುರ್ಚಿ ಗ್ಯಾರಂಟಿ ಇಲ್ಲ. 2019ರಲ್ಲಿ ನಾನು ತಾರ್ತುವಿನಲ್ಲಿ ಓದುತ್ತಿದ್ದೆ. ಆ ಸಲವೂ ರಿಫಾರ್ಮ್ ಮೊದಲು, 34 ಸೀಟು. ಕಲ್ಲಸ್ ಪ್ರಧಾನಿ ಆಗುತ್ತಾರೆ ಅಂತ ಹಾಸ್ಟೆಲ್‌ನಲ್ಲಿ ಎಲ್ಲರೂ ಅಂದುಕೊಂಡಿದ್ದೆವು. ಎರಡನೇ ಸ್ಥಾನದ ಸೆಂಟರ್ ಪಕ್ಷದ ಯೂರಿ ರಾಟಸ್ ತಮ್ಮ 26ಕ್ಕೆ ಎಕ್ರೆಯ 19, ಇಸಮಾದ 12 ಸೇರಿಸಿ 57 ಮಾಡಿಬಿಟ್ಟರು. ಗೆದ್ದವರು ವಿರೋಧ ಪಕ್ಷದಲ್ಲಿ ಕೂತರು. ಕಲ್ಲಸ್‌ಗೆ ಕುರ್ಚಿ ಸಿಕ್ಕಿದ್ದು 2021ರ ಜನವರಿಯಲ್ಲಿ, ರಾಟಸ್ ರಾಜೀನಾಮೆ ಕೊಟ್ಟ ಮೇಲೆ.

ಹಾಸನದ_ಹುಡುಗಿ

ಇ-ಮತದ ವಿಷಯ ಯಾರೂ ಎತ್ತಲೇ ಇಲ್ಲ. ಮನೆಯಲ್ಲಿ ಕೂತು ಲ್ಯಾಪ್‌ಟಾಪ್‌ನಲ್ಲಿ ಮತ ಹಾಕುತ್ತಾರಂತೆ. ಗಂಡ ಹೆಂಡತಿಯ ಪಕ್ಕ ನಿಂತು "ಇದನ್ನ ಒತ್ತು" ಅಂದರೆ?

ತಾಲಿನ್‌ವಾಸಿ

ಅದಕ್ಕೊಂದು ದಾರಿ ಇದೆ. ಇ-ಮತವನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದಷ್ಟೇ ಲೆಕ್ಕ. ಮತಗಟ್ಟೆಗೆ ಹೋಗಿ ಕಾಗದದಲ್ಲಿ ಹಾಕಿದರೆ ಇ-ಮತ ತಾನಾಗಿ ರದ್ದು. ಗಂಡ ಪಕ್ಕ ನಿಂತು ಒತ್ತಿಸಿದರೂ ಆಕೆ ಮಾರನೇ ದಿನ ಹೋಗಿ ಬದಲಿಸಬಹುದು.

2023ರ ಎಣಿಕೆಯ ರಾತ್ರಿ ನೆನಪಿದೆ. ಪಕ್ಕದ ಮನೆಯ ಅಜ್ಜಿ ಕಾಫಿಗೆ ಕರೆದಿದ್ದರು. ಹೊರಗೆ ಹಿಮ. ಟಿವಿಯಲ್ಲಿ ಮೊದಲು ಕಾಗದದ ಮತ ಬರಲು ಶುರುವಾಯಿತು. ಎಕ್ರೆ ಮುಂದೆ! ಅಜ್ಜಿ ಕಪ್ಪು ಕೆಳಗಿಟ್ಟು ಸುಮ್ಮನೆ ಕೂತರು. ಎಷ್ಟೋ ಹೊತ್ತಾದ ಮೇಲೆ ಇ-ಮತ ಸೇರಿತು. ರಿಫಾರ್ಮ್‌ನ ಗೆರೆ ಒಂದೇ ಏಟಿಗೆ ಮೇಲೆ ಹಾರಿತು. ಆ ವರ್ಷ ಮೊದಲ ಬಾರಿಗೆ ಒಟ್ಟು ಮತದ ಅರ್ಧಕ್ಕಿಂತ ಜಾಸ್ತಿ ಇ-ಮತ. ಎಕ್ರೆಯವರು ಇದನ್ನು ನಂಬಲಿಲ್ಲ, ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟು ಒಪ್ಪಲಿಲ್ಲ. ಆದರೆ ಟಿವಿ ಮುಂದೆ ಕೂತವರಿಗೆ ಹೇಗೆ ಕಂಡಿರಬಹುದು ಅಂತ ನನಗೆ ಅರ್ಥವಾಗುತ್ತದೆ. ಗೆದ್ದೆವು ಅಂತ ಕುಣಿಯುತ್ತಿದ್ದವರಿಗೆ ಅರ್ಧ ರಾತ್ರಿಯಲ್ಲಿ ಅಂಕಿ ತಿರುಗಿಬಿದ್ದರೆ ಯಾರಿಗಾದರೂ ಹೊಟ್ಟೆ ತೊಳಸುತ್ತದೆ.

ಕಲ್ಲಸ್ ಒಬ್ಬರಿಗೇ 31,816 ಮತ, ಅದು ದಾಖಲೆ. ಮೇಷ್ಟ್ರು ಹೇಳಿದ ಕೋಟಾಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮಿಕ್ಕದ್ದು ವ್ಯರ್ಥವಾಗಲಿಲ್ಲ, ಪಕ್ಷದ ಲೆಕ್ಕಕ್ಕೆ ಬಿದ್ದು ಅವರ ಹಿಂದಿದ್ದವರನ್ನು ಎಳೆದುಕೊಂಡು ಬಂತು.

ಕೊಪ್ಪದ_ಕಾಫಿ

ಗುರುಗಳೇ, ನಾನು ಕಾಯುತ್ತಿರುವುದು ಬೇರೆ ವಿಷಯಕ್ಕೆ. ಅಲ್ಲಿ ಪಕ್ಷಾಂತರ ಇದೆಯಾ? 51 ಇದ್ದರೆ ಇಬ್ಬರನ್ನು ರೆಸಾರ್ಟಿಗೆ ಕರೆದುಕೊಂಡು ಹೋದರೆ ಮುಗೀತಲ್ಲ! 😄

ಬಾಲ್ಟಿಕ್_ಭಟ್ಟ

ರೆಸಾರ್ಟ್ ಬೇಕಾಗಿಲ್ಲ, ಏಕೆಂದರೆ ನಿಷೇಧವೇ ಇಲ್ಲ. ನಮ್ಮಲ್ಲಿ 1985ರಿಂದ ಹತ್ತನೇ ಷೆಡ್ಯೂಲ್ ಇದೆ. ಪಕ್ಷ ಬಿಟ್ಟರೆ ಸೀಟು ಹೋಗುವ ಭಯ. ಅವರ ಸಂವಿಧಾನದ 62ನೇ ಕಲಂ ಉಲ್ಟಾ ಹೇಳುತ್ತದೆ. ಸದಸ್ಯ ಯಾರ ಆದೇಶಕ್ಕೂ ಕಟ್ಟುಬಿದ್ದವನಲ್ಲ. ಸೀಟು ವ್ಯಕ್ತಿಯದ್ದು, ಪಕ್ಷದ್ದಲ್ಲ.

ಇದರ ಏಟು ತಿಂದದ್ದು ಸೆಂಟರ್ ಪಕ್ಷ. 2023ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಸ್ಥಾನಕ್ಕೆ ಜಟಾಪಟಿ ಆಯಿತು. ತಾಲಿನ್ ಮೇಯರ್ ಮಿಖಾಯಿಲ್ ಕೋಲ್ವಾರ್ಟ್ ಗೆದ್ದರು, ತಾನೆಲ್ ಕೀಕ್ ಸೋತರು. ಆಮೇಲೆ ಒಬ್ಬೊಬ್ಬರೇ ಗಂಟು ಕಟ್ಟಿದರು. 2024ರ ಜನವರಿಯಲ್ಲಂತೂ ಸಾಲು ಸಾಲು. ಕೀಕ್ ಮತ್ತು ಅವರ ಜೊತೆಯವರು ಸೋಷಿಯಲ್ ಡೆಮಾಕ್ರಾಟರ ಕಡೆ. ಯಾಕ್ ಆಬ್, ಮರಿಯಾ ಯುಫೆರೆವಾ ರಿಫಾರ್ಮ್‌ಗೆ. ಹಿಂದೆ ಪ್ರಧಾನಿಯಾಗಿದ್ದ ರಾಟಸ್ ಇಸಮಾಕ್ಕೆ. ಗೆದ್ದ 16 ಸೀಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ. ಎಕ್ರೆಯಲ್ಲೂ 2024ರಲ್ಲಿ ಒಡಕು ಬಂತು, ಕೆಲವರು ಹೊರಗೆ ಹೋಗಿ ಬೇರೆ ಪಕ್ಷವನ್ನೇ ಕಟ್ಟಿದರು.

ಒಂದು ತಮಾಷೆ ಇದೆ. ಹೊಸ ಪಕ್ಷ ಸೇರಿದರೂ ಸದನದಲ್ಲಿ ಆ ಪಕ್ಷದ ಗುಂಪಿಗೆ ಸೇರಲು ಆಗಿನ ನಿಯಮದಲ್ಲಿ ಅವಕಾಶ ಇರಲಿಲ್ಲ. ದಾಖಲೆಯಲ್ಲಿ ಗುಂಪಿಲ್ಲದ ಸದಸ್ಯ. ಮದುವೆ ಆದ ಮೇಲೂ ರೇಷನ್ ಕಾರ್ಡಿನಲ್ಲಿ ಹೆಸರು ಸೇರಲಿಲ್ಲ ಅಂದ ಹಾಗೆ.

ಕೊಪ್ಪದ_ಕಾಫಿ

ಓಹೋ. ಅಂದರೆ 51 ಅನ್ನುವುದು ಕಾಗದದ ಮೇಲಿನ ಲೆಕ್ಕ, ಒಳಗೆ ಒಂದಿಬ್ಬರು ಜಾಸ್ತಿಯೇ ಇದ್ದಾರೆ.

ಬಾಲ್ಟಿಕ್_ಭಟ್ಟ

ಹೌದು. ಸೆಂಟರ್‌ನಿಂದ ಬಂದವರೇ ಮಿಖಲ್‌ಗೆ ಉಸಿರಾಡಲು ಜಾಗ ಕೊಟ್ಟವರು.

ತಾಲಿನ್‌ವಾಸಿ

ಇನ್ನೊಂದು ಸೇರಿಸಿ, ಚಿಕ್ಕಪ್ಪನ ತಲೆ ತಿಂದದ್ದೇ ಇದು. ಮಂತ್ರಿ ಆದವರು ಸಂಸದರಾಗಿ ಕೂರುವ ಹಾಗಿಲ್ಲ. ಸೀಟು ಅವರದ್ದೇ, ಆದರೆ ಅಮಾನತಿನಲ್ಲಿ. ಅದೇ ಪಕ್ಷದಲ್ಲಿ ಸೋತವರ ಸಾಲಿನಲ್ಲಿ ಮುಂದಿರುವವರು ಬದಲಿ ಸದಸ್ಯರಾಗಿ ಬರುತ್ತಾರೆ. ಮಂತ್ರಿಗಿರಿ ಹೋದ ದಿನ ಮೂಲದವರು ವಾಪಸ್ ಬಂದು ಕೂರುತ್ತಾರೆ, ಬದಲಿಯವರು ಎದ್ದು ಮನೆಗೆ. 2025ರ ಮಾರ್ಚ್‌ನಲ್ಲಿ ಸೋಷಿಯಲ್ ಡೆಮಾಕ್ರಾಟ್ ಮಂತ್ರಿಗಳು ಹೊರಬಿದ್ದಾಗ ಆದದ್ದೂ ಇದೇ. ಉಪಚುನಾವಣೆ ಅನ್ನುವುದೇ ಇಲ್ಲಿಲ್ಲ. ಹತ್ತು ವರ್ಷದಲ್ಲಿ ಒಂದನ್ನೂ ನೋಡಿಲ್ಲ.

ಸೀಟು ಬೇಡದಿದ್ದರೂ ಮತ ಸೆಳೆಯಲು ನಿಲ್ಲುವವರೂ ಇದ್ದಾರೆ. ಗೆದ್ದು, ಸೀಟು ಬಿಟ್ಟುಕೊಟ್ಟು, ಹಳೇ ಕೆಲಸಕ್ಕೆ ಹೋಗುತ್ತಾರೆ. ಅವರಿಗೆ ಎಸ್ಟೋನಿಯನ್‌ನಲ್ಲಿ "ಪೆಯ್ಬುಟುಸ್‌ಪಾರ್ಟ್" ಅಂತ ಹೆಸರು. ಬೇಟೆಗಾರರು ನಿಜವಾದ ಬಾತುಗಳನ್ನು ಕರೆಯಲು ನೀರಿನ ಮೇಲೆ ಬಿಡುತ್ತಾರಲ್ಲ ಆ ಆಟಿಕೆ ಬಾತು. 2023ರಲ್ಲಿ ಕೋಲ್ವಾರ್ಟ್ ಗೆದ್ದೂ ಮೇಯರ್ ಆಗಿಯೇ ಉಳಿದರು. ಅವರೊಬ್ಬರೇ ಅಲ್ಲ, ಈ ಆಟ ಎಲ್ಲ ಪಕ್ಷದವರೂ ಆಡಿದ್ದಾರೆ.

ಹಾಸನದ_ಹುಡುಗಿ

ಬಾತುಕೋಳಿ ಬರೆದಿಟ್ಟುಕೊಂಡೆ, ಬೇಕಾಗುತ್ತದೆ.

ಸೀಟಿನ ಲೆಕ್ಕ ಬಿಡಿ. 60 ಇದ್ದಾಗ ಏನು ಮಾಡಿದರು? ಬದಲಾದದ್ದು ಏನಾದರೂ ಇದೆಯಾ?

ತಾಲಿನ್‌ವಾಸಿ

ಇದೆ. 2023ರ ಜೂನ್‌ನಲ್ಲಿ ಸಲಿಂಗ ವಿವಾಹದ ಕಾನೂನು 55ಕ್ಕೆ 34 ಮತದಲ್ಲಿ ಪಾಸಾಯಿತು. 2024ರ ಜನವರಿ 1ರಿಂದ ಜಾರಿ. 2019ರ ಸರ್ಕಾರದಲ್ಲಿ ಎಕ್ರೆ ಇತ್ತಲ್ಲ, ಆಗ ಇದು ಕನಸಿನ ಮಾತು.

ಮತ್ತೆ ತೆರಿಗೆ. ಅಂಗಡಿ ಬಿಲ್ಲಿನ ಕೆಳಗೆ ಒಂದು ಸಾಲು ಇರುತ್ತದೆ, ಮೌಲ್ಯವರ್ಧಿತ ತೆರಿಗೆ. ನಾನು ಬಂದಾಗ ಶೇಕಡಾ 20. 2024ರಲ್ಲಿ 22. 2025ರ ಜುಲೈನಿಂದ 24. ಬೇಳೆ, ಹಾಲು, ಬ್ರೆಡ್ಡು ಎಲ್ಲದಕ್ಕೂ. ಅಜ್ಜಿ ಈಗ ಬಿಲ್ಲನ್ನು ಕನ್ನಡಕ ಹಾಕಿಕೊಂಡು ಓದುತ್ತಾರೆ.

ವಿರೋಧ ಪಕ್ಷದವರೂ ಸುಮ್ಮನಿರಲಿಲ್ಲ. ಎಕ್ರೆ 2023ರಲ್ಲಿ ರಾಶಿ ರಾಶಿ ತಿದ್ದುಪಡಿ, ಪ್ರಶ್ನೆ ಹಾಕಿ ರಾತ್ರಿಯೆಲ್ಲ ಕಲಾಪ ಎಳೆಯಿತು. ಸರ್ಕಾರ ಮಸೂದೆಯನ್ನು ವಿಶ್ವಾಸಮತಕ್ಕೆ ಕಟ್ಟಿ ಪಾಸು ಮಾಡಿಸಿತು. ಮಸೂದೆ ಬಿದ್ದರೆ ಸರ್ಕಾರವೂ ಬೀಳಬೇಕು, ಹಾಗಾಗಿ ಎಲ್ಲರೂ ಕೈ ಎತ್ತಲೇಬೇಕು. ನನಗೆ ಆ ದಾರಿ ಅಷ್ಟು ಹಿಡಿಸಲಿಲ್ಲ. ಬಹುಮತ ಇದೆ ಅಂತ ಚರ್ಚೆಗೇ ಬೀಗ ಹಾಕಿದ ಹಾಗೆ.

ಸುಮ್ನೆ_ಓದುವವ

ರಷ್ಯನ್ ಮಾತಾಡುವವರು ಅಲ್ಲಿ ಬಹಳ ಇದ್ದಾರಲ್ಲ. ಅವರು ಈ 101ರಲ್ಲಿ ಎಲ್ಲಿ?

ಬಾಲ್ಟಿಕ್_ಭಟ್ಟ

ಬಹಳ ಕಾಲ ಅವರ ಮತ ಸೆಂಟರ್ ಪಕ್ಷಕ್ಕೆ. ಆದರೆ ರೀಗಿಕೊಗು ಚುನಾವಣೆಯಲ್ಲಿ ಮತ ಇರುವುದು ಎಸ್ಟೋನಿಯಾ ನಾಗರಿಕರಿಗೆ ಮಾತ್ರ. ರಷ್ಯಾ ಪಾಸ್‌ಪೋರ್ಟ್ ಇಟ್ಟುಕೊಂಡವರಿದ್ದಾರೆ, ಯಾವ ದೇಶದ ಪೌರತ್ವವೂ ಇಲ್ಲದ ಬೂದು ಪಾಸ್‌ಪೋರ್ಟಿನವರಿದ್ದಾರೆ. ಅವರೆಲ್ಲ ಲೆಕ್ಕದಿಂದ ಹೊರಗೆ. ರಷ್ಯಾ ಗಡಿಯ ನಾರ್ವಾ ಊರು ಇರುವ ಇಡಾ-ವಿರು ಜಿಲ್ಲೆಯಲ್ಲಿ ಮತದಾನವೂ ಕಡಿಮೆ. ಸೆಂಟರ್‌ನಿಂದ ಉಚ್ಚಾಟನೆಯಾದ ಮಿಖಾಯಿಲ್ ಸ್ಟಾಲ್ನುಖಿನ್ 2023ರಲ್ಲಿ ಅಲ್ಲಿಂದ ಪಕ್ಷೇತರರಾಗಿ ನಿಂತರು. ಸಾವಿರಾರು ಮತ ಬಂದರೂ ಸೋತರು. ಪಕ್ಷೇತರನಿಗೆ ಮೇಷ್ಟ್ರು ಹೇಳಿದ ಮೊದಲ ಸುತ್ತೊಂದೇ ದಾರಿ. ಪೂರ್ತಿ ಕೋಟಾ ತರಬೇಕು. ತರದಿದ್ದರೆ ಅಷ್ಟೂ ಮತ ನೀರಿಗೆ.

ತಾಲಿನ್‌ವಾಸಿ

ಇದರಲ್ಲಿ ನನ್ನದೂ ಒಂದು ಚಿಕ್ಕ ಪಾಲಿದೆ. ಕಾಯಂ ವಾಸದ ಪರವಾನಗಿ ಇದ್ದವರು ಸ್ಥಳೀಯ ಚುನಾವಣೆಯಲ್ಲಿ ಮತ ಹಾಕಬಹುದಿತ್ತು. 2021ರಲ್ಲಿ ಹಾಕಿದ್ದೆ, ಶಾಲೆಯ ಜಿಮ್‌ನಲ್ಲಿ ಸರತಿ ನಿಂತು. 2025ರ ಮಾರ್ಚ್‌ನಲ್ಲಿ ರೀಗಿಕೊಗು ಸಂವಿಧಾನ ತಿದ್ದಿ ಆ ಹಕ್ಕು ತೆಗೆಯಿತು, ಪರ 93, ವಿರುದ್ಧ 7. ಗುರಿ ಇದ್ದದ್ದು ರಷ್ಯಾ, ಬೆಲಾರುಸ್ ಪ್ರಜೆಗಳ ಮೇಲೆ. ಆದರೆ ಬರೆದ ರೀತಿಯಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನ ದೇಶಗಳ ಪ್ರಜೆಗಳೆಲ್ಲ ಅದರೊಳಗೆ ಬಂದರು. ಭಾರತದ ಪಾಸ್‌ಪೋರ್ಟಿನ ನಾನೂ ಬಂದೆ. ಯುದ್ಧ ಪಕ್ಕದಲ್ಲೇ ನಡೆಯುತ್ತಿರುವಾಗ ಯಾಕೆ ಹಾಗೆ ಮಾಡಿದರು ಅಂತ ಗೊತ್ತು. ಆದರೂ ಅಕ್ಟೋಬರಿನ ಸ್ಥಳೀಯ ಚುನಾವಣೆಯಲ್ಲಿ ಎಲ್ಲರೂ ಮತ ಹಾಕಲು ಹೋದಾಗ ನಾನು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುತ್ತಿದ್ದೆ.

ಆ ಅಕ್ಟೋಬರಿನ ಫಲಿತಾಂಶವೂ ಕೇಳಿ. ಸಂಸತ್ತಿನಲ್ಲಿ ಕರಗಿಹೋದ ಸೆಂಟರ್ ತಾಲಿನ್‌ನಲ್ಲಿ ಎಲ್ಲರಿಗಿಂತ ಮೊದಲು! ಪ್ರಧಾನಿಯ ರಿಫಾರ್ಮ್‌ಗೂ, ಎಸ್ಟೋನಿಯಾ 200ಕ್ಕೂ ಭಾರೀ ಹೊಡೆತ.

ಲೆಕ್ಕದ_ಮೇಷ್ಟ್ರು

ಅಂದರೆ 51 ಸೀಟು ಹಿಡಿದುಕೊಂಡವರ ಕೈಯಲ್ಲಿ ಜನ ಇಲ್ಲ. ಮುಂದಿನ ಚುನಾವಣೆ ನಾಲ್ಕನೇ ವರ್ಷದ ಮಾರ್ಚ್ ಮೊದಲ ಭಾನುವಾರ, ಅಂದರೆ 2027ರ ಮಾರ್ಚ್ 7. ಅವತ್ತೂ ಅದೇ 0.9 ಇದ್ದರೆ ಬೋನಸ್ ಬೇರೆ ಯಾರಿಗೋ. ಎಸ್ಟೋನಿಯಾ 200 ಶೇಕಡಾ 5 ದಾಟದಿದ್ದರೆ 14 ಸೀಟಿನ ಪಕ್ಷ ಸೊನ್ನೆ. ನಡುವೆ ಏನೂ ಇಲ್ಲ.

ಸುಮ್ನೆ_ಓದುವವ

ಮೇಷ್ಟ್ರೇ, ನಿಮ್ಮ ಮಾತು ಕೇಳಿ ಎಕ್ಸೆಲ್ ತೆಗೆದು ಕೂತಿದ್ದೆ. ಕೊನೆಯ ಸೀಟಿಗೆ ರಿಫಾರ್ಮ್‌ನ ಹಿಂದೆಯೇ ನಿಂತಿದ್ದದ್ದು ಸೋಷಿಯಲ್ ಡೆಮಾಕ್ರಾಟರಲ್ಲ, ಸೆಂಟರ್. ಅವರ 93,254 ಮತಕ್ಕೆ 17ನೇ ಸೀಟಿನ ಉತ್ತರ 7,282. ರಿಫಾರ್ಮ್‌ನದು 7,393. ಇನ್ನು ಸುಮಾರು 1,400 ಮತ ಬಂದಿದ್ದರೆ ಆ ಸೀಟು ಸೆಂಟರ್‌ಗೆ. ರಿಫಾರ್ಮ್ 36, ಎಸ್ಟೋನಿಯಾ 200ರ 14 ಸೇರಿ 50. ಲೆಕ್ಕ ಸರಿ ಇದೆಯಾ ನೋಡಿ.

ಲೆಕ್ಕದ_ಮೇಷ್ಟ್ರು

ಸರಿ ಇದೆ. ನೂರಕ್ಕೆ ನೂರು. ಸೆಂಟರ್ ನಾನು ಗಮನಿಸಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ತಾಲಿನ್‌ವಾಸಿ

ಇವತ್ತು ಚಿಕ್ಕಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. 0.9 ಘಾತ, ಬದಲಿ ಸದಸ್ಯರು, ಆಟಿಕೆ ಬಾತು, ಆ 1,400 ಮತ. ಇಪ್ಪತ್ತು ನಿಮಿಷ. ಎಲ್ಲ ಕೇಳಿ "ಅದೆಲ್ಲ ಇರಲಿ, ಆ ಸೆಂಟರ್‌ನಿಂದ ರಿಫಾರ್ಮ್‌ಗೆ ಹೋದ್ರಲ್ಲ ಇಬ್ಬರು, ಅವರಿಗೆ ಮಂತ್ರಿ ಮಾಡಿದ್ರಾ?" ಅಂದರು.

ಇಲ್ಲ ಚಿಕ್ಕಪ್ಪ ಅಂದೆ. "ಮತ್ಯಾಕೆ ಹೋದ್ರು?" ಅಂದರು.

ಭಟ್ಟರೇ, ಇದಕ್ಕೆ ಉತ್ತರ ನೀವೇ ಕೊಡಬೇಕು.